ಬ್ಯಾಟರಿ ಮಾರುವ ಮೊದಲು ಮೀಟರ್ ಹಿಡಿಯಿರಿ

ನಮ್ಮ ಕರಾವಳಿಯ ಬಂದರುಗಳಲ್ಲಿ ಒಂದು ಕೆಟ್ಟ ರೂಢಿ ಬೆಳೆದಿದೆ. ದೋಣಿಯ ಔಟ್‌ಬೋರ್ಡ್ ಎಂಜಿನ್ ಬೆಳಿಗ್ಗೆ ಸೆಲ್ಫ್ ಹೊಡೆಯಲಿಲ್ಲ ಎಂದರೆ ಸಾಕು, "ಬ್ಯಾಟರಿ ಹೋಗಿದೆ ಮಾರಾಯ್ರೆ, ಹೊಸತು ಹಾಕಿ" ಎಂಬ ಮಾತು ಬರುತ್ತದೆ. ಹೊಸತು ಹಾಕಿದ ಹದಿನೈದು ದಿನಕ್ಕೆ ಅದೂ ಸಾಯುತ್ತದೆ. ಆಗ "ರೆಕ್ಟಿಫೈಯರ್ ಇರಬೇಕು" ಎನ್ನುತ್ತಾರೆ. ಅದನ್ನೂ ಬದಲಿಸಿದ ಮೇಲೆ "ಹಾಗಾದರೆ ಕಾಯಿಲ್" ಎನ್ನುತ್ತಾರೆ. ಕೊನೆಗೆ ನೋಡಿದರೆ ತುಕ್ಕು ಹಿಡಿದ ಒಂದು ಅರ್ತ್ ವೈರ್.

ಇದು ರಿಪೇರಿ ಅಲ್ಲ, ಊಹೆ. ಊಹೆ ಮಾಡುವವನು ಒಬ್ಬ, ಅದರ ಬಿಲ್ ಕಟ್ಟುವವನು ಇನ್ನೊಬ್ಬ. ಕರೆಂಟಿನ ಬಿಡಿಭಾಗ ಒಮ್ಮೆ ಅಂಗಡಿಯಿಂದ ಹೊರಗೆ ಬಂದರೆ ವಾಪಸ್ ಹೋಗುವುದು ಕಷ್ಟ. ಸಾಲ ಮಾಡಿ ದೋಣಿ ಇಳಿಸಿದವನ ಕೈಯಲ್ಲಿ ಮೂರು ಬಿಲ್ ಉಳಿಯುತ್ತವೆ, ದೋಷವೂ ಉಳಿಯುತ್ತದೆ.

ನಾವು ಹೇಳುವುದು ಇಷ್ಟೇ: ಮೀಟರ್ ಹಿಡಿಯದೆ ಬ್ಯಾಟರಿಯನ್ನಾಗಲಿ, ಬಿಡಿಭಾಗವನ್ನಾಗಲಿ ಮಾರುವುದು ನಿಲ್ಲಬೇಕು. ಮೀಟರ್ ಹಿಡಿಯದವನಿಂದ ಕೊಳ್ಳುವುದನ್ನು ನಾವೂ ನಿಲ್ಲಿಸಬೇಕು.

"ಎಂಜಿನ್ ಓಡುತ್ತದಲ್ಲ, ಚಾರ್ಜಿಂಗ್ ಇಲ್ಲದಿದ್ದರೆ ಏನಾಯಿತು?" ಎಂದು ಕೇಳುವವರಿದ್ದಾರೆ. ಅಪಾಯ ಇರುವುದೇ ಅಲ್ಲಿ. ಮ್ಯಾಗ್ನೆಟೊ ಇಗ್ನಿಷನ್ ಇರುವ ಎಂಜಿನ್ ಬ್ಯಾಟರಿ ಸತ್ತರೂ ಓಡುತ್ತಲೇ ಇರುತ್ತದೆ. ಆದ್ದರಿಂದ ಚಾರ್ಜಿಂಗ್ ನಿಂತದ್ದು ಗೊತ್ತೇ ಆಗುವುದಿಲ್ಲ. ಬಲೆ ಬಿಟ್ಟು, ಎಂಜಿನ್ ಆರಿಸಿ, ದೀಪ ಹಾಕಿ ಕೂತ ಮೇಲೆ ಗೊತ್ತಾಗುತ್ತದೆ. ದೀಪ ಮಂಕಾಗುತ್ತದೆ, ಜಿಪಿಎಸ್ ಆರುತ್ತದೆ, ವೈರ್‌ಲೆಸ್ ಮೂಕವಾಗುತ್ತದೆ. ರಾತ್ರಿ ದೀಪವಿಲ್ಲದ ಸಣ್ಣ ದೋಣಿ ದೊಡ್ಡ ಬೋಟಿನವನ ಕಣ್ಣಿಗೆ ಬೀಳುವುದಿಲ್ಲ. ಅಳಿವೆ ಬಾಯಿಯಲ್ಲಿ ತೆರೆ ಒಡೆಯುವ ಜಾಗದಲ್ಲಿ ಎಂಜಿನ್ ಆಫ್ ಆಗಿ ಸೆಲ್ಫ್ ಹೊಡೆಯದಿದ್ದರೆ ಏನಾಗುತ್ತದೆ ಎಂದು ತಾಂಡೇಲರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇಂಧನ ಇಂಜೆಕ್ಷನ್ ಇರುವ ಹೊಸ ಎಂಜಿನ್‌ಗಳಲ್ಲಂತೂ ಬ್ಯಾಟರಿ ಪೂರ್ತಿ ಕುಸಿದರೆ ಎಂಜಿನ್ನೇ ತಡವರಿಸಬಹುದು.

ಒಳಗೆ ಇರುವುದು ಏನು?

ಇದು ಮಾಯಾಮಂತ್ರವಲ್ಲ. ಎಂಜಿನ್ನಿನ ತಲೆಯ ಮೇಲೆ ತಿರುಗುವ ಫ್ಲೈವೀಲ್‌ನ ಒಳಭಾಗದಲ್ಲಿ ಅಯಸ್ಕಾಂತಗಳಿವೆ. ಅದರ ಕೆಳಗೆ ತಾಮ್ರದ ಸುರುಳಿ ಇದೆ, ಅದೇ ಸ್ಟೇಟರ್, ನಮ್ಮವರ ಬಾಯಲ್ಲಿ ಕಾಯಿಲ್. ಅಯಸ್ಕಾಂತ ಸುತ್ತಿದಾಗ ಸುರುಳಿಯಲ್ಲಿ ಎಸಿ ಕರೆಂಟ್ ಹುಟ್ಟುತ್ತದೆ. ಬ್ಯಾಟರಿಗೆ ಬೇಕಾದದ್ದು ಡಿಸಿ. ಎಸಿಯನ್ನು ಡಿಸಿ ಮಾಡುವುದು ರೆಕ್ಟಿಫೈಯರ್, ವೋಲ್ಟೇಜ್ ಮಿತಿ ಮೀರದಂತೆ ತಡೆಯುವುದು ರೆಗ್ಯುಲೇಟರ್. ಹೆಚ್ಚಿನ ಎಂಜಿನ್‌ಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತವೆ. ಅಲ್ಲಿಂದ ಒಂದು ಫ್ಯೂಸ್ ದಾಟಿ ಕರೆಂಟ್ ಬ್ಯಾಟರಿಗೆ ಬರುತ್ತದೆ.

ಕಾಯಿಲ್, ಡಬ್ಬಿ, ವೈರು-ಫ್ಯೂಸು, ಬ್ಯಾಟರಿ. ಒಟ್ಟು ನಾಲ್ಕೇ ಜಾಗ. ಈ ನಾಲ್ಕರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಲು 300ರಿಂದ 500 ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು.

ಒಂದು ಮಾತು ಮೊದಲೇ ತಿಳಿದಿರಲಿ. ಹಗ್ಗ ಎಳೆದು ಶುರು ಮಾಡುವ ಸಣ್ಣ ಎಂಜಿನ್‌ಗಳಲ್ಲಿ ಹಲವಕ್ಕೆ ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆಯೇ ಇರುವುದಿಲ್ಲ. ಕೆಲವಕ್ಕೆ ದೀಪದ ಕಾಯಿಲ್ ಮಾತ್ರ ಇರುತ್ತದೆ. ಅದು ಕೊಡುವುದು ಎಸಿ. ಅದನ್ನು ನೇರ ಬ್ಯಾಟರಿಗೆ ಕೊಟ್ಟರೆ ಚಾರ್ಜ್ ಆಗುವುದಿಲ್ಲ. ಇಲ್ಲದ ವ್ಯವಸ್ಥೆಯನ್ನು "ರಿಪೇರಿ" ಮಾಡಿಸಲು ಹಣ ಕೊಡಬೇಡಿ.

ಅಂಗಡಿಗೆ ಹೋಗುವ ಮೊದಲು

ಮೊದಲು ಕಣ್ಣು ಮತ್ತು ಕೈ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಹುಡಿ ಕೂತಿದೆಯೇ? ಕ್ಲಾಂಪನ್ನು ಕೈಯಲ್ಲಿ ತಿರುಗಿಸಿದರೆ ಅಲುಗುತ್ತದೆಯೇ? ಚಿಟ್ಟೆ ನಟ್ಟು ಎಂಜಿನ್ನಿನ ನಡುಕಕ್ಕೆ ಸಡಿಲಾಗುತ್ತದೆ. ಅದರ ಬದಲು ಸ್ಪ್ರಿಂಗ್ ವಾಶರ್ ಹಾಕಿ ಸಾಮಾನ್ಯ ನಟ್ಟು ಬಿಗಿಯಿರಿ. ಬ್ಯಾಟರಿಯ ನೆಗೆಟಿವ್ ವೈರ್ ಎಂಜಿನ್ ಬಾಡಿಗೆ ಸೇರುವ ಬೋಲ್ಟನ್ನು ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ. ಫ್ಯೂಸ್ ನೋಡಿ. ಉಪ್ಪುನೀರಿನ ಊರಿನಲ್ಲಿ ಅರ್ಧ ರೋಗ ಇಲ್ಲೇ ಇರುತ್ತದೆ, ಇದಕ್ಕೆ ಬೇಕಾದದ್ದು ಸ್ಯಾಂಡ್‌ಪೇಪರ್ ಮತ್ತು ಸ್ವಲ್ಪ ಗ್ರೀಸ್.

ಎರಡನೆಯದು, ಎಂಜಿನ್ ಆರಿಸಿದ ಬ್ಯಾಟರಿ. ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ನೋಡಿ. 12.6ರ ಆಸುಪಾಸು ಇದ್ದರೆ ತುಂಬಿದೆ. 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಬಹುತೇಕ ಖಾಲಿ. ಖಾಲಿ ಎಂದರೆ ಕೆಟ್ಟಿದೆ ಎಂದಲ್ಲ! ಮೊದಲು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಡಿ. ಮರುದಿನವೂ 12.5ರ ಮೇಲೆ ನಿಂತು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿ ಸರಿ ಇದೆ. ಚಾರ್ಜ್ ಮಾಡಿ ನೋಡದೆ ಬ್ಯಾಟರಿಯನ್ನು ಗುಜರಿಗೆ ಕಳಿಸುವವನ ಮಾತು ಕೇಳಬೇಡಿ.

ಮೂರನೆಯದು, ಎಂಜಿನ್ ಓಡುವಾಗ. ದೋಣಿ ನೀರಿನಲ್ಲಿರಲಿ, ಇಲ್ಲವೇ ಎಂಜಿನ್ನಿನ ಕಾಲು ನೀರಿನ ಡ್ರಮ್ಮಿನಲ್ಲಿರಲಿ. ನೀರಿಲ್ಲದೆ ಓಡಿಸಿದರೆ ನೀರೆತ್ತುವ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಮೀಟರನ್ನು ಬ್ಯಾಟರಿಯ ಮೇಲೆಯೇ ಇಟ್ಟು, ಆಕ್ಸಿಲೇಟರ್ ಸ್ವಲ್ಪ ಏರಿಸಿ. 13.5ರಿಂದ 14.5ರ ನಡುವೆ ಏರಿದರೆ ಚಾರ್ಜಿಂಗ್ ಆಗುತ್ತಿದೆ. ಮೊದಲಿದ್ದಷ್ಟೇ ನಿಂತರೆ ಅಥವಾ ಇಳಿದರೆ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದಿಯುತ್ತದೆ, ಜಿಪಿಎಸ್ ಸುಟ್ಟುಹೋಗಬಹುದು.

ಇಷ್ಟಕ್ಕೆ ಹತ್ತು ನಿಮಿಷವೂ ಬೇಡ. ಬ್ಯಾಟರಿಯ ತಪ್ಪೋ ಎಂಜಿನ್ ಕಡೆಯ ತಪ್ಪೋ ಎಂಬುದು ಇಲ್ಲಿಗೇ ಗೊತ್ತಾಗಿಬಿಡುತ್ತದೆ.

ಮೆಕ್ಯಾನಿಕ್ ಮಾಡಿ ತೋರಿಸಬೇಕಾದದ್ದು

ಎಂಜಿನ್ ಓಡುವಾಗ ರೆಕ್ಟಿಫೈಯರ್ ಡಬ್ಬಿಯಿಂದ ಹೊರಬರುವ ವೈರಿನಲ್ಲಿ 14 ಇದ್ದು, ಬ್ಯಾಟರಿಯಲ್ಲಿ 12.4 ಇದ್ದರೆ ತಪ್ಪು ನಡುವಿನ ವೈರು, ಫ್ಯೂಸು ಅಥವಾ ಜೋಡಣೆಯಲ್ಲಿದೆ. ಯಾವ ಬಿಡಿಭಾಗವೂ ಬೇಡ.

ಡಬ್ಬಿಯಿಂದಲೇ ಬರುತ್ತಿಲ್ಲ ಎಂದಾದರೆ ಎಂಜಿನ್ ಆರಿಸಿ ಕಾಯಿಲ್ ವೈರುಗಳ ಸಾಕೆಟ್ ಬಿಚ್ಚಬೇಕು. ಎರಡು ವೈರುಗಳ ನಡುವೆ ಓಮ್ಸ್ ಅಳೆದರೆ ತೀರಾ ಸಣ್ಣ ಸಂಖ್ಯೆ ಬರಬೇಕು. ಸರಿಯಾದ ಸಂಖ್ಯೆ ಆಯಾ ಎಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿದೆ. ಅಗ್ಗದ ಮೀಟರ್ ಆದರೆ ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಸಂಖ್ಯೆಯನ್ನು ಕಳೆಯಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಹೆಚ್ಚಿನ ಮಾದರಿಗಳಲ್ಲಿ ಕಾಯಿಲ್ ವೈರಿಗೂ ಎಂಜಿನ್ ಬಾಡಿಗೂ ಸಂಪರ್ಕ ಇರಬಾರದು. ಇದ್ದರೆ ಕಾಯಿಲ್ ಸುಟ್ಟು ಬಾಡಿಗೆ ತಾಗಿದೆ. ಕಾಯಿಲ್ ಸರಿ ಇದ್ದು, ವೈರು ಸರಿ ಇದ್ದು, ಡಿಸಿ ಬರುತ್ತಿಲ್ಲ ಎಂದರೆ ಮಾತ್ರ ಡಬ್ಬಿ ಬದಲಿಸುವ ಮಾತು.

ಹೊಸ ಡಬ್ಬಿ ಹಾಕುವ ಮೊದಲು ಹಳೆಯದು ಯಾಕೆ ಸತ್ತಿತು ಎಂದು ಕೇಳಿ. ಬ್ಯಾಟರಿಯ ಪ್ಲಸ್ ಮೈನಸ್ ತಿರುಗಾಮುರುಗಾ ಕೊಟ್ಟರೆ ರೆಕ್ಟಿಫೈಯರ್ ಕ್ಷಣದಲ್ಲಿ ಸಾಯಬಹುದು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು "ಚಾರ್ಜಿಂಗ್ ನೋಡುವ" ಕೆಲಸವನ್ನು ಕೆಲವರು ಜಂಬದಿಂದ ಮಾಡುತ್ತಾರೆ. ಆಗ ವೋಲ್ಟೇಜ್ ಒಮ್ಮೆಲೇ ಏರಿ ಒಳ್ಳೆಯ ಡಬ್ಬಿಯೂ ಹೋಗಬಹುದು. ನಿಮ್ಮ ದೋಣಿಯಲ್ಲಿ ಯಾರೇ ಹಾಗೆ ಮಾಡಲು ಬಂದರೂ ಕೈ ಹಿಡಿಯಿರಿ. ಫ್ಯೂಸ್ ಬದಲು ತಾಮ್ರದ ತಂತಿ ಸುತ್ತುವುದೂ ಬೇಡ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಅಲ್ಲಿ ಬೀಡಿ ಹಚ್ಚಬೇಡಿ.

ಕೆಲವೊಮ್ಮೆ ಕೆಟ್ಟಿರುವುದು ಲೆಕ್ಕ

ಎಲ್ಲವೂ ಸರಿ ಇದ್ದು ಬ್ಯಾಟರಿ ಖಾಲಿಯಾಗುವ ದೋಣಿಗಳೂ ಇವೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಎಂಜಿನ್ ಜೋರಾಗಿ ಓಡುವಾಗ 6 ಆಂಪಿಯರ್ ಕೊಡುತ್ತದೆ ಎಂದುಕೊಳ್ಳೋಣ. ನಿಧಾನ ಓಡುವಾಗ ಅದರ ಸಣ್ಣ ಪಾಲು ಮಾತ್ರ. 24 ವ್ಯಾಟಿನ ಎರಡು ದೀಪ ಎಂದರೆ 4 ಆಂಪಿಯರ್. ಮೀನು ಹುಡುಕುವ ಯಂತ್ರ, ವೈರ್‌ಲೆಸ್, ಮೊಬೈಲ್ ಚಾರ್ಜರ್ ಸೇರಿ ಇನ್ನೊಂದು 2. ಎಂಜಿನ್ ಆರಿಸಿ 5 ಗಂಟೆ ಬಲೆ ಕಾದರೆ 30 ಆಂಪಿಯರ್-ಗಂಟೆ ಖರ್ಚು. ಅದನ್ನು ತುಂಬಲು ಎಂಜಿನ್ ಜೋರಾಗಿ 5 ಗಂಟೆಗೂ ಹೆಚ್ಚು ಓಡಬೇಕು. ಮೀನಿನ ಜಾಗ ಒಂದು ಗಂಟೆಯ ದಾರಿ ಆದರೆ ಎಲ್ಲಿಂದ ತುಂಬುತ್ತದೆ? ಇಂಥವನಿಗೆ ಬೇಕಾದದ್ದು ಹೊಸ ಕಾಯಿಲ್ ಅಲ್ಲ. ದಡದಲ್ಲಿ ಚಾರ್ಜರ್, ಕಡಿಮೆ ಕರೆಂಟಿನ ದೀಪ, ಎಂಜಿನ್ ಶುರು ಮಾಡಲು ಬೇರೆಯೇ ಒಂದು ಬ್ಯಾಟರಿ. ಇದನ್ನು ಹೇಳಿದರೆ ಅಂಗಡಿಯವನಿಗೆ ವ್ಯಾಪಾರ ಕಡಿಮೆ, ಅದಕ್ಕೇ ಹೇಳುವವರು ಕಡಿಮೆ.

ಮೆಕ್ಯಾನಿಕನ ಮೇಲೆ ನಮಗೆ ಹಗೆ ಇಲ್ಲ

"ಅವರಿಗೂ ಹೊಟ್ಟೆಪಾಡು" ಎನ್ನುತ್ತೀರಿ. ಒಪ್ಪುತ್ತೇವೆ. ಬಂದರಿನ ಹುಡುಗರು ಗುರುವಿನ ಕೈ ನೋಡಿ ಕಲಿತವರು. ಸೀಸನ್‌ನಲ್ಲಿ ಹತ್ತು ದೋಣಿಯವರು ಒಟ್ಟಿಗೆ "ಬೇಗ ಮಾಡು" ಎಂದು ಬೆನ್ನು ಹತ್ತುತ್ತಾರೆ. ಪರೀಕ್ಷೆ ಮಾಡಿದ್ದಕ್ಕೆ ಕೂಲಿ ಕೇಳಿದರೆ ನಾವೇ "ಏನೂ ಹಾಕಲಿಲ್ಲ, ದುಡ್ಡು ಯಾಕೆ?" ಎನ್ನುತ್ತೇವೆ. ಬಿಡಿಭಾಗಕ್ಕೆ ಸಾವಿರ ಕೊಡುವ ಕೈ ಬುದ್ಧಿಗೆ ನೂರು ಕೊಡಲು ಹಿಂಜರಿದರೆ ಅವನು ಬಿಡಿಭಾಗವನ್ನೇ ಮಾರುತ್ತಾನೆ. ಹುಡುಕಿದ್ದಕ್ಕೆ ಕೂಲಿ ಕೊಡೋಣ. ಆದರೆ ಹುಡುಕಲಿ.

ದೊಡ್ಡ ತಪ್ಪು ಮೇಲಿನವರದ್ದು. ಎಂಜಿನ್ ಮಾರುವ ಕಂಪನಿಗಳಿಗೆ ನಮ್ಮ ಹಣ ಬೇಕು, ನಮ್ಮ ಭಾಷೆ ಬೇಡ. ನಮ್ಮ ಕೈಗೆ ಬಂದ ಕೈಪಿಡಿಗಳೆಲ್ಲ ಇಂಗ್ಲಿಷಿನವು. ವೈರಿಂಗ್ ನಕ್ಷೆ ಕೇಳಿದರೆ "ಅದು ಸರ್ವಿಸ್‌ನವರಿಗೆ" ಎಂಬ ಉತ್ತರ. ಸರ್ಕಾರ ಎಂಜಿನ್ ಕೊಳ್ಳಲು ಸಹಾಯಧನ ಕೊಡುತ್ತದೆ, ಫೋಟೋ ತೆಗೆಸಿಕೊಳ್ಳುತ್ತದೆ. ಆ ಎಂಜಿನ್ ಕೆಟ್ಟಾಗ ಏನು ಮಾಡಬೇಕೆಂದು ಹೇಳಿಕೊಡುವ ಒಂದು ದಿನದ ಪಾಠಕ್ಕೂ ಸಹಾಯಧನದಲ್ಲಿ ಜಾಗ ಬೇಕಲ್ಲವೇ? ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಕರಾವಳಿಯ ತಾಲೂಕುಗಳಲ್ಲಿ ಐಟಿಐಗಳಿವೆ. ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲೇ ಇರುತ್ತವೆ. ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಎರಡು ತಿಂಗಳು ಯಾವುದು?

ಕಾನೂನು ನಿಮ್ಮ ಕಡೆ ಇದೆ

"ದೋಣಿ ನಿಮ್ಮ ಬಿಸಿನೆಸ್, ಗ್ರಾಹಕರ ಕೋರ್ಟ್ ನಿಮಗೆ ಅನ್ವಯಿಸುವುದಿಲ್ಲ" ಎಂದು ಹೆದರಿಸುವವರಿದ್ದಾರೆ. ಇದು ಅರ್ಧ ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ. ತಾನೇ ದೋಣಿ ನಡೆಸಿ ಬದುಕುವ ಮೀನುಗಾರ ಗ್ರಾಹಕನೇ. ಬಿಲ್ ಕೊಡದಿರುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಎಂದು ಹೆಸರಿಸಿದೆ. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿ 1915.

ಆದರೆ ದೂರಿಗೆ ಸಾಕ್ಷಿ ಬೇಕು. ಸಾಕ್ಷಿ ಎಂದರೆ ಬಿಲ್ಲು, ಮತ್ತು ಬಿಲ್ಲಿನ ಮೇಲೆ ಬರೆದ ಸಂಖ್ಯೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಬ್ಯಾಟರಿ, ಕಾಯಿಲ್, ರೆಕ್ಟಿಫೈಯರ್ ಯಾವುದನ್ನು ಮಾರಿದರೂ ಬಿಲ್ಲಿನಲ್ಲಿ ಮೂರು ಸಂಖ್ಯೆ ಬರೆಯಬೇಕು: ಎಂಜಿನ್ ಆರಿಸಿದಾಗಿನ ವೋಲ್ಟ್, ಸೆಲ್ಫ್ ಹೊಡೆಯುವಾಗಿನ ವೋಲ್ಟ್, ಓಡುವಾಗಿನ ವೋಲ್ಟ್.

2. ಬಿಚ್ಚಿದ ಹಳೆಯ ಭಾಗವನ್ನು ಮಾಲೀಕನ ಕೈಗೆ ಕೊಡಬೇಕು.

3. ಪ್ರತಿ ಎಂಜಿನ್ ಜೊತೆ ಕನ್ನಡದಲ್ಲಿ ಒಂದು ಹಾಳೆಯ ವೈರಿಂಗ್ ನಕ್ಷೆ ಇರಬೇಕು. ಇಲ್ಲದ ಎಂಜಿನ್‌ಗೆ ಸಹಾಯಧನ ಬೇಡ.

4. ಪ್ರತಿ ಮೀನುಗಾರರ ಸಹಕಾರ ಸಂಘದಲ್ಲಿ ಒಂದು ಮೀಟರ್, ಅದನ್ನು ಬಳಸಲು ಬರುವ ಇಬ್ಬರು ಹುಡುಗರು ಅಥವಾ ಹುಡುಗಿಯರು ಇರಬೇಕು. ಜುಲೈ ಮುಗಿಯುವುದರೊಳಗೆ ಎಲ್ಲ ದೋಣಿಗಳ ಚಾರ್ಜಿಂಗ್ ತಪಾಸಣೆ ಆಗಬೇಕು. 10 ಅಶ್ವಶಕ್ತಿವರೆಗಿನ ನಾಡದೋಣಿಗಳು ಮಳೆಗಾಲದಲ್ಲೂ ಇಳಿಯುತ್ತವೆ; ಬ್ಯಾಟರಿ ಇರುವ ಅಂಥ ದೋಣಿಗಳದ್ದು ಮೇ ತಿಂಗಳಲ್ಲೇ ಆಗಲಿ.

ಸರ್ಕಾರ ಬರುವವರೆಗೆ ಕಾಯಬೇಡಿ. ಹತ್ತು ದೋಣಿಯವರು ತಲಾ 50 ರೂಪಾಯಿ ಹಾಕಿದರೆ ಒಂದು ಮೀಟರ್ ಬರುತ್ತದೆ. ಸೆಲ್ಫ್ ಎಂಜಿನ್ ಇದ್ದರೂ ತುರ್ತಿಗೆ ಎಳೆಯುವ ಹಗ್ಗ ದೋಣಿಯಲ್ಲೇ ಇರಲಿ. ಕಡಲಿನಲ್ಲಿ ಸಿಕ್ಕಿಬಿದ್ದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸ್ 1093. ಆ ಕರೆ ಮಾಡಲೂ ಮೊಬೈಲ್‌ನಲ್ಲಿ ಚಾರ್ಜ್ ಇರಬೇಕು ಎಂಬುದು ನೆನಪಿರಲಿ.

ಮುಂದಿನ ಸಲ ಯಾರಾದರೂ "ಬ್ಯಾಟರಿ ಹೋಗಿದೆ" ಎಂದರೆ ಜಗಳ ಬೇಡ. "ಎಷ್ಟು ವೋಲ್ಟ್ ಇದೆ ಅಣ್ಣ, ತೋರಿಸಿ" ಎಂದು ಕೇಳಿ. ತೋರಿಸದಿದ್ದರೆ ಪಾಕೀಟು ತೆಗೆಯಬೇಡಿ.