ಬಂಡೆಯ ಸಾಕ್ಷ್ಯ

ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರಗಳ ಮಾರ್ಗವಾಗಿ ಹಿಂದೂಪುರದ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಗೌರಿಬಿದನೂರು ಸಾಮಾನ್ಯವಾದೊಂದು ನಿಲ್ದಾಣವಾಗಿ ಕಾಣುವುದು. ಆದರೆ 1965ರಲ್ಲಿ ಅಲ್ಲಿ ಸ್ಥಾಪಿತವಾದ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲುಗಳು ದೂರದೇಶಗಳಲ್ಲಿ ನೆಲದಡಿ ನಡೆಯುವ ಪರಮಾಣು ಸ್ಫೋಟಗಳಿಗೆ ಕಿವಿಗೊಟ್ಟಿವೆ. ಯಲಹಂಕದಲ್ಲಿ ಕೊಳವೆಬಾವಿ ತೋಡಿಸುವವರನ್ನು ಕಾಡುವ ಗಟ್ಟಿಶಿಲೆಯ ಜಾತಿಯೇ ಅಲ್ಲಿಯೂ ಹಾಸಿರುವುದು. ಅದು ಕಂಪನವನ್ನು ನುಂಗದೆ ಸಾಗಿಸುತ್ತದೆ.

ಕೇಳುವುದು ಬೇರೆ, ತೂಗುವುದು ಬೇರೆ. ಸ್ಫೋಟವು ಗಟ್ಟಿಯಾದ ಅಥವಾ ನೀರುಂಡ ಶಿಲೆಯಲ್ಲಾದರೆ ಕಂಪನವು ಬಲವಾಗಿ ಹೊರಡುವುದು. ಒಣಗಿದ ಸಡಿಲ ಮಣ್ಣಿನಲ್ಲಾದರೆ ಶಕ್ತಿಯ ಬಹುಭಾಗವು ಮಣ್ಣಿನ ರಂಧ್ರಗಳನ್ನು ಜಜ್ಜುವುದರಲ್ಲಿಯೇ ವ್ಯಯವಾಗುವುದು. ಕಂಪನಮಾನದ ಎಣಿಕೆಯಲ್ಲಿ 0.3ರಷ್ಟು ತಪ್ಪಿದರೂ ಸ್ಫೋಟಶಕ್ತಿಯ ಲೆಕ್ಕವು ಸುಮಾರು ಎರಡೂವರೆ ಪಟ್ಟು ತಪ್ಪುವುದು.

ಈ ತಪ್ಪು ರಾಜಕೀಯದಲ್ಲಿಯೂ ಅನರ್ಥಕ್ಕೆ ಕಾರಣವಾಗಿದೆ. 1974ರ ಒಪ್ಪಂದವು ಅಮೆರಿಕೆಗೂ ಸೋವಿಯೆತ್ ಒಕ್ಕೂಟಕ್ಕೂ 150 ಕಿಲೋಟನ್ನುಗಳ ಮಿತಿಯನ್ನು ವಿಧಿಸಿತು. ಅನಂತರ ಸೋವಿಯೆತ್ತರು ಮಿತಿಮೀರಿದರೆಂಬ ಆರೋಪವು ಅಮೆರಿಕೆಯಲ್ಲಿ ಎದ್ದಿತು. ನೆವಾಡದ ಬಿಸಿಯಾದ ಭೂಗರ್ಭವು ತರಂಗಗಳನ್ನು ಕುಗ್ಗಿಸುವುದೆಂದೂ ಸೆಮಿಪಲಟಿನ್ಸ್ಕಿನ ಹಳೆಯ, ತಣ್ಣನೆಯ ನೆಲವು ಹಾಗಲ್ಲವೆಂದೂ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದೂರಿನ ಸೇರಿನಿಂದ ಇನ್ನೊಂದೂರಿನ ರಾಗಿಯನ್ನಳೆದು ಕಳ್ಳನೆಂದು ಕೂಗಿದಂತಾಗಿತ್ತು.

ನಮ್ಮ ದೇಶದ ಮಾತಿಗೆ ಬರೋಣ. 1998ರ ಮೇ 11ರಂದು ಪೋಖ್ರಾನಿನಲ್ಲಿ ನಡೆದ ಸ್ಫೋಟಗಳಲ್ಲಿ ಉಷ್ಣಬೈಜಿಕ ಬಾಂಬಿನ ಶಕ್ತಿಯು 45 ಕಿಲೋಟನ್ನೆಂದು ನಮ್ಮ ವಿಜ್ಞಾನಿಗಳು ಸಾರಿದರು. ಹೊರನಾಡಿನ ಹಲವರು ಒಟ್ಟು ಶಕ್ತಿಯೇ ಅದಕ್ಕಿಂತ ಬಹಳ ಕಡಮೆಯೆಂದರು. ಅಲ್ಲಿಯ ಶಿಲೆಯ ಗುಣವನ್ನೂ, ಏಕಕಾಲದ ಸ್ಫೋಟಗಳ ತರಂಗಗಳು ಒಂದನ್ನೊಂದು ಕುಗ್ಗಿಸುವುದನ್ನೂ ಅವರು ಗಣಿಸಲಿಲ್ಲವೆಂಬುದು ನಮ್ಮವರ ಉತ್ತರವಾಯಿತು. ಆದರೆ ಆ ಪರೀಕ್ಷೆಯಲ್ಲಿ ಹೊಣೆ ಹೊತ್ತಿದ್ದ ಶ್ರೀ ಕೆ. ಸಂತಾನಂ ಅವರೇ 2009ರಲ್ಲಿ ಆ ಬಾಂಬು ನಿರೀಕ್ಷೆಯನ್ನು ಮುಟ್ಟಲಿಲ್ಲವೆಂದರು. ಶ್ರೀ ಆರ್. ಚಿದಂಬರಂ ಅವರು ಅದನ್ನು ಅಲ್ಲಗಳೆದರು.

ಪರಕೀಯರು ಹೇಳಿದರೆಂದು ನಂಬುವುದು ದಾಸ್ಯ. ನಮ್ಮವರು ಹೇಳಿದರೆಂದು ಮಾತ್ರವೇ ನಂಬುವುದು ದೇಶಭಕ್ತಿಯಲ್ಲ, ಆಲಸ್ಯ. ಶಿಲೆಯೇ ನಮ್ಮ ಸಾಕ್ಷಿಯಾದರೆ, ದೇಶರಕ್ಷಣೆಗೆ ಭಂಗಬಾರದಷ್ಟು ಮಟ್ಟಿಗೆ ಅದರ ವಿವರಗಳನ್ನೆಲ್ಲ ಸ್ವತಂತ್ರ ಪಂಡಿತರ ಮುಂದಿಡತಕ್ಕದ್ದು. ದೇಶದ ಸಂರಕ್ಷಣೆಯನ್ನು ಆ ಅಂಕಿಯ ಮೇಲೆ ನಿಲ್ಲಿಸುವವರು ಅದರ ಅಡಿಪಾಯವನ್ನು ಪರೀಕ್ಷೆಗೊಡ್ಡಲು ಅಂಜಬಾರದು.