ಗುಡ್ಡ ಇಳಿದವರು ಓಣಿಗೂ ಬನ್ನಿ

ರೋಣ, ನರಗುಂದ, ಗಜೇಂದ್ರಗಡದ ಬಂಧುಗಳಲ್ಲಿ, ರಜೆಗೆಂದು ಈ ಕಡೆ ಬಂದುಹೋಗುವ ನೆಂಟರಲ್ಲಿ, ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರವಾಸ ಕರೆದೊಯ್ಯುವ ಮಾಸ್ತರರು, ಅಕ್ಕೋರಲ್ಲಿ ಒಂದು ವಿನಂತಿ.

ಗಜೇಂದ್ರಗಡಕ್ಕೆ ಬಂದವರು ಏನೇನು ನೋಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಗುಡ್ಡ ಹತ್ತಿ ಘೋರ್ಪಡೆಯವರ ಕೋಟೆ ನೋಡುತ್ತಾರೆ. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾದ ಊರು ಇದು ಎಂದು ಗುಂಪಿನಲ್ಲಿ ಓದಿಕೊಂಡವರು ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ದೂರದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಹಿಂದಿಟ್ಟುಕೊಂಡು ಫೋಟೊ ಆಗುತ್ತದೆ. ಕಾಲಕಾಲೇಶ್ವರಕ್ಕೆ ಹೋಗಿ ಅಂತರಗಂಗೆಯ ನೀರನ್ನು ತಲೆಗೆ ಚಿಮುಕಿಸಿಕೊಂಡು, ಸಮಯವಿದ್ದರೆ ಸೂಡಿಯ ಜೋಡುಕಳಸದ ಗುಡಿ, ನಾಗಕುಂಡ ಮುಗಿಸಿ, ಮಿರ್ಚಿ-ಮಂಡಕ್ಕಿ ತಿಂದು ಬಸ್ಸು ಹತ್ತುತ್ತಾರೆ. ಕೋಟೆಯ ಮೇಲೆ ನಿಂತಾಗ ಕೆಳಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಅವುಗಳ ನಡುವೆ ಗೆರೆ ಎಳೆದಂಥ ಸಂದಿಗಳು ಕಾಣುತ್ತವಲ್ಲ, ಅಲ್ಲಿ ಏನಿದೆ ಎಂದು ಇಳಿದು ಬಂದು ಕೇಳಿದವರು ಕಡಿಮೆ.

ಅಲ್ಲಿ ನೇಕಾರರಿದ್ದಾರೆ. ನನ್ನ ವಿನಂತಿ ಇಷ್ಟೇ: ಆ ಓಣಿಗಳಲ್ಲಿ ಒಂದು ಮುಂಜಾನೆ ನಡೆಯಿರಿ. ಆದರೆ ಮುಂದೆ ನಡೆಯುವವರು ಓಣಿಯವರೇ ಆಗಿರಲಿ, ನೀವು ಹಿಂದೆ ಇರಿ. ಎರಡನೆಯ ಮಾತು ಪಾಲಿಸಲಾಗದಿದ್ದರೆ ಮೊದಲನೆಯದನ್ನೂ ದಯವಿಟ್ಟು ಬಿಟ್ಟುಬಿಡಿ.

ನಡೆದು ನೋಡುವಂಥದ್ದು ಏನಿದೆ ಎಂದು ಕೇಳುವವರಿದ್ದಾರೆ. ನೇಕಾರರ ಮನೆಗಳಲ್ಲಿ ಬಹಳಷ್ಟು ಕಡೆ ಮನುಷ್ಯರಿಗಿಂತ ಮಗ್ಗಕ್ಕೇ ಹೆಚ್ಚು ಜಾಗ. ಹಳೆಯ ಕೈಮಗ್ಗವಾದರೆ ನೆಲದಲ್ಲಿ ಕುಣಿ ತೋಡಿ ಹೂಡಿರುತ್ತಾರೆ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೇ ಕೂರುತ್ತಾರೆ. ಕಾಲಹಲಗೆ ತುಳಿದಾಗ ಹಾಸಿನ ಎಳೆಗಳು ಮೇಲೆ ಕೆಳಗೆ ಸರಿದು ಬಾಯಿ ಬಿಡುತ್ತವೆ. ಹಗ್ಗ ಜಗ್ಗಿದಾಗ ಲಾಳಿ ಆ ಸಂದಿಯಲ್ಲಿ ಹೊಕ್ಕಿನ ಎಳೆ ಬಿಡುತ್ತ ಆಚೆಗೆ ಓಡುತ್ತದೆ. ಹಣಿಗೆ ಬಡಿದು ಆ ಎಳೆಯನ್ನು ಬಟ್ಟೆಗೆ ಕೂಡಿಸುತ್ತದೆ. ನೆಲದ ತಂಪಿಗೆ ಹತ್ತಿರವಿದ್ದರೆ ನೂಲು ಒಣಗಿ ಕಡಿಯುವುದಿಲ್ಲ, ಕುಣಿ ತೋಡುವುದಕ್ಕೆ ಅದೂ ಒಂದು ಕಾರಣ. ನೂಲಿಗೆ ಒಳ್ಳೆಯದಾದ ಆ ತಂಪು ನೇಯುವವರ ಮೊಣಕಾಲಿಗೆ ಒಳ್ಳೆಯದಲ್ಲ. ಜೋರು ಮಳೆಗೆ ಕುಣಿಯಲ್ಲಿ ನೀರು ಜಿನುಗಿದರೆ ಕೆಲಸವೇ ನಿಲ್ಲುತ್ತದೆ, ಕೆಲಸ ನಿಂತರೆ ಮಜೂರಿಯೂ ನಿಲ್ಲುತ್ತದೆ.

ಆ ಮಜೂರಿಯ ಲೆಕ್ಕವನ್ನು ಓಣಿಯಲ್ಲಿ ನಿಂತೇ ತಿಳಿಯಬೇಕು. ಹಾಸು, ಹೊಕ್ಕಿನ ನೂಲನ್ನು ಮಾಲಕರು ಕೊಡುತ್ತಾರೆ, ನೇಯ್ದವರು ಸೀರೆ ಒಪ್ಪಿಸಿ ಸೀರೆಗಿಷ್ಟು ಎಂದು ಮಜೂರಿ ತರುತ್ತಾರೆ. ನೂಲಿನ ದರ ಏರಿದರೂ, ಪೇಟೆಯಲ್ಲಿ ಸೀರೆಯ ದರ ಏರಿದರೂ ಇವರ ಕೈಗೆ ಬರುವುದು ಅಷ್ಟು ಚುರುಕಾಗಿ ಏರುವುದಿಲ್ಲ. ಮನೆಯ ಹೆಣ್ಣುಮಕ್ಕಳು ಒಲೆಯ ಕೆಲಸದ ನಡುವೆ ರಾಟಿ ತಿರುಗಿಸಿ ಕಂಡಿಕೆ ಸುತ್ತಿಕೊಡುತ್ತಾರೆ. ಕಂಡಿಕೆ ಇಲ್ಲದೆ ಲಾಳಿ ಖಾಲಿ, ಆದರೂ ಆ ಕೈಗಳ ಹೆಸರಿನಲ್ಲಿ ಬೇರೆ ಮಜೂರಿ ಬರೆಯುವುದಿಲ್ಲ. ರಾಜ್ಯ ಸರ್ಕಾರ 2020ರಲ್ಲಿ ನೇಕಾರ ಸಮ್ಮಾನ್ ಯೋಜನೆ ತಂದು ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಕೊಟ್ಟಿತು, ಮುಂದೆ ಅದನ್ನು 5,000ಕ್ಕೆ ಏರಿಸಿತು. ಕೊಟ್ಟದ್ದು ಒಳ್ಳೆಯದೇ. ದಿನಕ್ಕೆ ಹಂಚಿದರೆ ಹದಿನಾಲ್ಕು ರೂಪಾಯಿಯೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕಲ್ಲ.

ಈ ಊರಿನದೇ ಒಂದು ಸೀರೆ ಇದೆ, ಪಟ್ಟೇದ ಅಂಚು. ಒಡಲಲ್ಲಿ ಚೌಕುಳಿ, ಅಗಲವಾದ ಗಾಢ ಬಣ್ಣದ ಅಂಚು, ದಪ್ಪ ಹತ್ತಿ ನೂಲು. ಯಾವ ತುದಿಯಿಂದ ಬೇಕಾದರೂ ಉಡಬಹುದಾದ ಸೀರೆ. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಅದರಿಂದ ಏನು ಅನುಕೂಲ ಎಂದು ವಿವರಿಸಬೇಕಿಲ್ಲ: ಒಂದು ಕಡೆ ಸವೆದರೆ ಇನ್ನೊಂದು ಕಡೆ. ಸವದತ್ತಿಯ ಎಲ್ಲಮ್ಮನ ಭಕ್ತಿಯೊಂದಿಗೂ ಅದು ಹೆಣೆದುಕೊಂಡಿತ್ತು. ನಡುವೆ ಮಗ್ಗಗಳಿಂದ ಹೆಚ್ಚುಕಡಿಮೆ ಮಾಯವಾಗಿದ್ದ ಈ ಸೀರೆಯನ್ನು ಈಚಿನ ವರ್ಷಗಳಲ್ಲಿ ಕೆಲವರು ಹುಡುಕಿ ಮತ್ತೆ ನೇಯಿಸಿದರು. ಈಗ ಬೆಂಗಳೂರು, ದೆಹಲಿಯ ಅಂಗಡಿಗಳಲ್ಲಿ ಅದಕ್ಕೆ ಗಿರಾಕಿಗಳಿದ್ದಾರೆ. ಅದನ್ನು ಉಟ್ಟ ದೆಹಲಿಯ ಹೆಣ್ಣುಮಗಳಿಗೆ ಗಜೇಂದ್ರಗಡ ಎಲ್ಲಿದೆ ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ಹತ್ತಿರದ ರೋಣದಲ್ಲಿರುವ ನಮಗೆ ಆ ಸೀರೆಯ ಹೆಸರೇ ಗೊತ್ತಿಲ್ಲದಿದ್ದರೆ? ಮೊನ್ನೆಮೊನ್ನೆಯವರೆಗೆ ಗಜೇಂದ್ರಗಡ ನಮ್ಮ ತಾಲ್ಲೂಕಿನಲ್ಲೇ ಇತ್ತು. ರೋಣದವರಿಗೆ ನೆಪವಿಲ್ಲ.

ಇಷ್ಟು ಓದಿ ಯಾರಾದರೂ ಹುಮ್ಮಸ್ಸಿನಿಂದ ನಾಳೆಯೇ ಇಪ್ಪತ್ತು ಜನರನ್ನು ಕಟ್ಟಿಕೊಂಡು, ಮೊಬೈಲು ಎತ್ತಿ ಹಿಡಿದು ಓಣಿ ಹೊಕ್ಕಾರೆಂಬ ಭಯ ನನಗಿದೆ. ಬಡವರಿರುವ ಕೇರಿಗಳನ್ನು ನೋಡಲು ಉಳ್ಳವರು ಹೋಗುವ ಚಾಳಿ ಹೊಸದಲ್ಲ. 1880ರ ದಶಕದಲ್ಲೇ ಲಂಡನ್ನಿನ ಸಿರಿವಂತರು ಈಸ್ಟ್ ಎಂಡಿನ ಕೂಲಿಕಾರರ ಗಲ್ಲಿಗಳಿಗೆ ಸಂಜೆಯ ಹೊತ್ತು ಹೋಗಿ ನೋಡಿ ಬರುತ್ತಿದ್ದರು. ಕೆಲವರಿಗೆ ನಿಜವಾದ ಕಳಕಳಿ ಇತ್ತು, ಬಹಳ ಜನರಿಗೆ ಅದು ಮೋಜು. ನಮ್ಮ ಕಾಲದಲ್ಲಿ ಈ ಚರ್ಚೆ ಹೆಚ್ಚು ನಡೆದದ್ದು ಮುಂಬೈಯ ಧಾರಾವಿಯ ಬಗ್ಗೆ. ಅಲ್ಲಿ 2006ರಿಂದ ನಡಿಗೆ ನಡೆಸುತ್ತಿರುವ ರಿಯಾಲಿಟಿ ಟೂರ್ಸ್ ಸಂಸ್ಥೆಯನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಕೃಷ್ಣ ಪೂಜಾರಿ, ಮಂಗಳೂರು ಕಡೆಯಿಂದ ಚಿಕ್ಕಂದಿನಲ್ಲೇ ಮುಂಬೈ ಸೇರಿದವರು. ಅವರ ನಡಿಗೆಯಲ್ಲಿ ಕ್ಯಾಮೆರಾ ಹೊರತೆಗೆಯುವಂತಿಲ್ಲ. ಲಾಭದ ದೊಡ್ಡ ಪಾಲು ಅಲ್ಲಿಯ ಶಿಕ್ಷಣದ ಕೆಲಸಕ್ಕೆ ಹೋಗುತ್ತದೆ. ತೋರಿಸುವುದು ಕುಂಬಾರವಾಡದ ಗಡಿಗೆಗಳನ್ನು, ಚರ್ಮದ ಕೆಲಸವನ್ನು, ಪ್ಲಾಸ್ಟಿಕ್ ಬೇರ್ಪಡಿಸಿ ಮತ್ತೆ ಬಳಕೆಗೆ ತರುವ ಕಾರ್ಖಾನೆಗಳನ್ನು, ಅಂದರೆ ದುಡಿಮೆಯನ್ನು. ಇಷ್ಟಾದರೂ ಅದನ್ನು ಬಡತನದ ಪ್ರದರ್ಶನ ಎಂದು ಬೈಯುವವರು ಇದ್ದೇ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಹಣ ಕೊಟ್ಟವರು ನೋಡುವವರು, ಮನೆಯಲ್ಲಿದ್ದವರು ನೋಡಿಸಿಕೊಳ್ಳುವವರು ಎಂಬ ಓರೆ ಯಾವ ನಿಯಮದಿಂದಲೂ ಪೂರ್ತಿ ಹೋಗುವುದಿಲ್ಲ. ಆದರೆ ನಿಯಮವನ್ನು ಮನೆಯಲ್ಲಿದ್ದವರೇ ಮಾಡಿದರೆ ಅದು ಬಹಳ ಕಡಿಮೆಯಾಗುತ್ತದೆ.

ಅದಕ್ಕೇ ನನಗೆ ಹೆಚ್ಚು ಹಿಡಿಸಿದ್ದು ಟೊರೊಂಟೊದಲ್ಲಿ 2007ರಲ್ಲಿ ಶುರುವಾದ ರೂಢಿ. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ತೀರಿಕೊಂಡ ಮರುವರ್ಷ ಅವರ ಗೆಳೆಯರು ಅವರ ಹೆಸರಿನಲ್ಲಿ ಇದನ್ನು ಹುಟ್ಟುಹಾಕಿದರು. ವರ್ಷಕ್ಕೊಮ್ಮೆ, ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ, ಆಯಾ ಬೀದಿಯವರೇ ತಮ್ಮ ಬೀದಿಯಲ್ಲಿ ಜನರನ್ನು ಕರೆದುಕೊಂಡು ನಡೆಯುತ್ತಾರೆ, ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಈಗ ಬೇರೆ ಬೇರೆ ದೇಶಗಳ ನೂರಾರು ನಗರಗಳಲ್ಲಿ ಅದು ನಡೆಯುತ್ತದೆ. ಬೆಂಗಳೂರಿನ ಪೇಟೆ ಬೀದಿಗಳಲ್ಲೂ ಪರಂಪರೆಯ ನಡಿಗೆಗಳಿವೆ, ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ವರ್ಷಗಳಿಂದ ನಡೆಸುತ್ತ ಬಂದಿದ್ದಾರೆ. ನಮ್ಮಲ್ಲಿ ಆಗದೇ ಇರುವುದಕ್ಕೆ ಕಾರಣ ಹುಡುಕಿದರೆ ಒಂದೇ ಸಿಗುತ್ತದೆ: ನಮ್ಮ ಓಣಿಯನ್ನು ನೋಡುವಂಥದ್ದು ಎಂದು ನಾವೇ ತಿಳಿದಿಲ್ಲ. ಹೊರಗಿನವರು ಬಾಗಿಲಲ್ಲಿ ನಿಂತರೆ "ಇಲ್ಲೇನ್ ನೋಡ್ತೀರ್ರಿ, ಕ್ವಾಟಿ ಆಕಡಿ ಐತಿ" ಎಂದು ಕೈ ತೋರಿಸಿ ಕಳಿಸುವವರು ನಾವೇ.

ನರಗುಂದದ ಮಾತು ಬೇರೆ ಬಗೆಯದು. ಅಲ್ಲಿ ಗುಡ್ಡದ ಕೋಟೆ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಬೆಳಗಾವಿಯಲ್ಲಿ ನೇಣಿಗೇರಿದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರ ನೆನಪು, ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ರೈತರು ಬೀದಿಗಿಳಿದಾಗ ಗುಂಡು ಹಾರಿದ 1980ರ ಜುಲೈ 21, ಮಹದಾಯಿ ನೀರಿಗಾಗಿ 2015ರಿಂದ ನಡೆದ ಧರಣಿ ಎಲ್ಲ ಇವೆ. ಇವನ್ನು ಭಾಷಣದಲ್ಲಿ ಕೇಳುತ್ತೇವೆ, ಕಾಲಿಂದ ನಡೆದು ನೋಡಿದವರು ಕಡಿಮೆ. ಹಳೆಯ ಓಣಿಗಳ ನೆಲದಡಿ ಇನ್ನೊಂದು ಕಥೆ ಇದೆ. ಹಿಂದಿನವರು ಜೋಳ ಕೂಡಿಡಲು ಮನೆಯೊಳಗೆ, ಅಂಗಳದಲ್ಲಿ ಹಗೇವು ತೋಡಿದ್ದರು. ಕಾಳು ಹಾಕುವ ರೂಢಿ ಹೋಯಿತು, ಹಗೇವು ಮರೆತುಹೋದವು, ಅವುಗಳ ಮೇಲೆ ಗೋಡೆ, ಗಚ್ಚು ಬಂದವು. ಈಚಿನ ವರ್ಷಗಳಲ್ಲಿ ಅಂತರ್ಜಲ ಮೇಲೇರಿ ಆ ಪೊಳ್ಳುಗಳಲ್ಲಿ ನೀರು ತುಂಬಿ, ಇದ್ದಕ್ಕಿದ್ದಂತೆ ಅಡುಗೆಮನೆಯ ನೆಲ, ಓಣಿಯ ರಸ್ತೆ ಕುಸಿದವು. ಸುದ್ದಿಯವರು ಬಂದರು, ಅಧಿಕಾರಿಗಳು ಬಂದರು, ಗುಂಡಿಯ ಅಂಚಿನಲ್ಲಿ ನಿಂತು ಫೋಟೊ ತೆಗೆದರು, ಹೋದರು. ಮುಂದೆ ನಡೆಯುವವರು ಓಣಿಯವರೇ ಏಕಾಗಿರಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಗೇವಿನ ಬಾಯಿ ಎಲ್ಲಿತ್ತು, ಒಳಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ಗಾಳಿ ನೋಡುತ್ತಿದ್ದದ್ದು ಹೇಗೆ ಎಂದು ಬಲ್ಲ ಓಣಿಯ ಹಿರಿಯರೊಬ್ಬರು ಜೊತೆಗಿದ್ದರೆ ಅದು ಊರಿನ ಪಾಠ. ಅವರಿಲ್ಲದಿದ್ದರೆ ಬೇರೆಯವರ ಮನೆಯ ಆಪತ್ತಿಗೆ ಇಣುಕಿದಂತೆ.

ಹಾಗಾದರೆ ಮಾಡುವುದೇನು? ಗಜೇಂದ್ರಗಡದ ನೇಕಾರ ಸಂಘಗಳವರೇ, ಓಣಿಯ ಹಿರಿಯರೇ, ಮೊದಲ ಮಾತು ನಿಮಗೆ. ಹೊರಗಿನ ಯಾವುದೋ ಕಂಪನಿ ಬಂದು ನಿಮ್ಮ ಓಣಿಗೆ ಟಿಕೆಟ್ ಹಚ್ಚುವ ಮೊದಲು ನೀವೇ ಕೂತು ಮಾತಾಡಿಕೊಳ್ಳಿ. ಯಾವ ಮನೆಗಳವರಿಗೆ ಒಪ್ಪಿಗೆ ಇದೆಯೋ ಆ ಮನೆಗಳಷ್ಟೇ ಸಾಕು. ಒಂದು ಸಲಕ್ಕೆ ಎಂಟು-ಹತ್ತು ಜನ ದಾಟಬಾರದು, ಸಂದಿಗಳಲ್ಲಿ ಅದಕ್ಕಿಂತ ಹೆಚ್ಚು ಜನ ಹಿಡಿಯುವುದೂ ಇಲ್ಲ. ಕೆಲಸ ನಿಲ್ಲಿಸಿ ತೋರಿಸಿದ ಹೊತ್ತಿಗೆ ಮಜೂರಿ ಕಟ್ಟಿ, ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಹೆಸರಿನಲ್ಲೂ ಕಟ್ಟಿ. ಮಗ್ಗದ ಲೆಕ್ಕದಲ್ಲಿ ಸಿಗದದ್ದು ಇಲ್ಲಿಯಾದರೂ ಸಿಗಲಿ. ಕರೆದುಕೊಂಡು ತಿರುಗುವ ಕೆಲಸವನ್ನು ಕಾಲೇಜು ಓದುವ ನಿಮ್ಮ ಮಕ್ಕಳಿಗೆ ಕೊಡಿ. ಮಗ್ಗ ಬೇಡವೆಂದು ಹುಬ್ಬಳ್ಳಿ, ಬೆಂಗಳೂರಿನ ಅಂಗಡಿಗಳಿಗೆ ಕೆಲಸಕ್ಕೆ ಹೋಗುವ ಹುಡುಗರನ್ನು ಇದು ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅಪ್ಪನ ಕಸುಬನ್ನು ಹತ್ತು ಜನರ ಮುಂದೆ ಬಾಯಿಬಿಟ್ಟು ವಿವರಿಸಿದ ಹುಡುಗನಿಗೆ ಆ ಕಸುಬಿನ ಬಗ್ಗೆ ನಾಚಿಕೆ ಉಳಿಯುವುದು ಕಷ್ಟ ಎಂದಷ್ಟೇ ನನ್ನ ನಂಬಿಕೆ.

ಬರುವವರಿಗೆ: ಕೈಮಗ್ಗದ ಸೀರೆಯನ್ನು ಗುರುತಿಸುವುದು ಕಲಿಯಿರಿ. ನೇಯುವಾಗ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಕೋಲಿನ ಮೊಳೆಗಳು ಅಂಚಿನ ಉದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ತೂತು ಬಿಟ್ಟಿರುತ್ತವೆ. ಅಂಗಡಿಯವರು ದೋಷವೆಂದು ಮುಚ್ಚಿಡುವ ಆ ಗುರುತನ್ನು ಕೇಳಿ ನೋಡಿ. ಕೆಲವು ಬಗೆಯ ಸೀರೆ, ಧೋತರ, ಟವೆಲ್ ಸೇರಿ 11 ಬಗೆಯ ಬಟ್ಟೆಗಳು 1985ರ ಕಾಯ್ದೆಯ ಪ್ರಕಾರ ಕೈಮಗ್ಗಕ್ಕೇ ಮೀಸಲು. ಆದರೂ ವಿದ್ಯುತ್ ಮಗ್ಗದ ಮಾಲು ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುವುದು ನಿಂತಿಲ್ಲ. ಹಾಗೆಂದು ಪವರ್‌ಲೂಮ್ ನಡೆಸುವವರನ್ನು ಕೀಳಾಗಿ ಕಾಣಬೇಡಿ. ಆ ಗದ್ದಲದಲ್ಲಿ ಇಡೀ ದಿನ ನಿಂತು ಕಿವಿ ಮಂದವಾದವರೂ ನೇಕಾರರೇ. ಸೀರೆಗೆ ಚೌಕಾಸಿ ಮಾಡಲೇಬೇಕೆನಿಸಿದರೆ ಮೊದಲು ಕಾಲುಗಂಟೆ ರಾಟಿ ತಿರುಗಿಸಿ ನೋಡಿ, ಆಮೇಲೆ ದರ ಕೇಳಿ. ಮೊಬೈಲು ಜೇಬಿನಲ್ಲಿರಲಿ. ಮನೆಯವರೇ "ತಗೀರಿ ಫೋಟೊ" ಎಂದರೆ ಮಾತ್ರ ತೆಗೆಯಿರಿ, ತೆಗೆದದ್ದನ್ನು ಅವರಿಗೂ ಕಳಿಸಿ.

ಮಾಸ್ತರರೇ, ಹಂಪಿ, ಬಾದಾಮಿ, ಐಹೊಳೆ ಬೇಡವೆಂದಲ್ಲ. ನಮ್ಮ ಶಾಲೆಯ ಮಕ್ಕಳು ತೊಟ್ಟ ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ನೇಯ್ದ ಬಟ್ಟೆಯೂ ಇತ್ತು. ಮೈಮೇಲಿನ ಅಂಗಿಯನ್ನು ಎಂಥವರು ನೇಯುತ್ತಾರೆ ಎಂದು ಮಕ್ಕಳಿಗೆ ತೋರಿಸಲು ರಾತ್ರಿ ಬಸ್ಸು ಬೇಕಾಗಿಲ್ಲ. ಇನ್ನು ಪುರಸಭೆಯವರು ಈ ಓಣಿಗಳ ಗಟಾರ ಮುಚ್ಚಿಸಿ, ದೀಪ ಹಾಕಿಸಿದರೆ ಸಾಕು. ಅದೂ ಬರುವವರಿಗಾಗಿ ಅಲ್ಲ, ಇರುವವರಿಗಾಗಿ. ಸ್ವಾಗತ ಕಮಾನು, ಸೆಲ್ಫಿ ಪಾಯಿಂಟು ದಯವಿಟ್ಟು ಬೇಡ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಿಸುತ್ತಾರೆ. ವೇದಿಕೆ, ಶಾಲು, ಹಾರದ ಬದಲು ಆ ದಿನ ಮೊದಲ ನಡಿಗೆ ಆಗಲಿ ಎಂದು ನನ್ನ ಕೋರಿಕೆ. ಮಳೆ ಹಿಡಿದಿದ್ದರೆ ಮುಂದಕ್ಕೆ ಹಾಕಿ, ಕುಣಿಯಲ್ಲಿ ನೀರಿರುವಾಗ ಹೋಗಿ ನಿಲ್ಲಬೇಡಿ. ಅಮಾವಾಸ್ಯೆಯ ದಿನವನ್ನೂ ಬಿಡಿ, ಅಂದು ಮಗ್ಗ ಹೂಡದ ಮನೆಗಳು ಬಹಳ. ಮುಂಜಾನೆ ಒಂಬತ್ತರ ಮೇಲೆ ಬಂದರೆ ಕೆಲಸ ಹದಕ್ಕೆ ಬಂದಿರುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಹೊರಬಿದ್ದರೆ ಅವರಿಗೂ ಅನುಕೂಲ. ಚಹಾ ಕೊಟ್ಟೇ ಕೊಡುತ್ತಾರೆ, ಬೇಡವೆನ್ನಬೇಡಿ.