ಹೃದಯದ ತೂತು ಮುಚ್ಚಲು ಕಡಲಾಚೆ ಹೋಗಬೇಕೆ?

ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ಕಚೇರಿಗೆ ಬರುವ ನೆರವಿನ ಅರ್ಜಿಗಳಲ್ಲಿ ಹೃದಯದ ಕಾಯಿಲೆಯವು ಇದ್ದೇ ಇರುತ್ತವೆ. ಮಗುವಿನ ಹೃದಯದಲ್ಲಿ ತೂತಿದೆ, ಎದೆ ಕೊಯ್ಯದೆ ಮುಚ್ಚುವ ಚಿಕಿತ್ಸೆಗೆ ವಿದೇಶಕ್ಕೆ ಕರೆದೊಯ್ಯಬೇಕು, ಸಮಾಜ ಬಾಂಧವರು ಕೈಜೋಡಿಸಬೇಕು ಎಂಬ ಮಾತೂ ಆಗೀಗ ಕೇಳಿಬರುತ್ತದೆ. ಹೆತ್ತವರ ಸಂಕಟ ದೊಡ್ಡದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಹಣ ಕೂಡಿಸಲು ಹೊರಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಈ ಚಿಕಿತ್ಸೆಗೆ ಕಡಲು ದಾಟುವ ಅಗತ್ಯವಿದೆಯೇ?

ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತು ಉಳಿದರೆ ಶುದ್ಧ ರಕ್ತ ಮತ್ತೆ ಬಲಭಾಗಕ್ಕೆ ಸೋರುತ್ತದೆ. ಬಲಭಾಗ ಹಿಗ್ಗುತ್ತದೆ, ಶ್ವಾಸಕೋಶಕ್ಕೆ ಭಾರ ಬೀಳುತ್ತದೆ. ಹಿಂದೆ ಇದಕ್ಕೆ ಎದೆ ತೆರೆಯುವುದೊಂದೇ ದಾರಿ. 1953ರಲ್ಲಿ ಅಮೆರಿಕದ ಡಾ. ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರ ಬಳಸಿ ಮೊದಲು ಯಶಸ್ವಿಯಾಗಿ ಮುಚ್ಚಿದ್ದು ಇಂಥದೇ ತೂತನ್ನು. ಈಗ ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆ ಹಾಯಿಸಿ, ನಿಕ್ಕಲ್-ಟೈಟಾನಿಯಂ ತಂತಿಯ ಜೋಡಿ ಬಿಲ್ಲೆಯನ್ನು ತೂತಿನ ಎರಡೂ ಬದಿಗೆ ಕೂರಿಸುತ್ತಾರೆ. ಡಾ. ಕರ್ಟ್ ಆಂಪ್ಲಾಟ್ಸ್ ರೂಪಿಸಿದ ಇಂಥ ಬಿಲ್ಲೆಗೆ ಅಮೆರಿಕ ಸರಕಾರ 2001ರಲ್ಲಿ ಒಪ್ಪಿಗೆ ಕೊಟ್ಟಿತು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ರೋಗಿ ಮನೆಗೆ ಬರುತ್ತಾನೆ. ಕೆಲವು ತಿಂಗಳಲ್ಲಿ ಬಿಲ್ಲೆಯ ಮೇಲೆ ಮೈಯ ಪೊರೆಯೇ ಬೆಳೆದು ಮುಚ್ಚಿಬಿಡುತ್ತದೆ.

ಭಾರತದ ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿ ಇದು ವರ್ಷಗಳಿಂದ ನಿತ್ಯದ ಕೆಲಸ. ನಮ್ಮವರು ಹೊರಗೆ ನೋಡುತ್ತಿದ್ದರೆ ಹೊರಗಿನವರು ಇತ್ತ ಬರುತ್ತಿದ್ದಾರೆ. 2003ರಲ್ಲಿ ದೆಹಲಿ-ಲಾಹೋರ್ ಬಸ್ಸು ಮತ್ತೆ ಆರಂಭವಾದಾಗ ಪಾಕಿಸ್ತಾನದ ಪುಟ್ಟ ಹೆಣ್ಣುಮಗುವೊಂದು ಹೃದಯ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಬಂದುದನ್ನು ಓದುಗರು ಮರೆತಿರಲಾರರು. ಅದು ತೆರೆದ ಶಸ್ತ್ರಚಿಕಿತ್ಸೆಯೇ ಆಗಿತ್ತು, ಬಿಲ್ಲೆಯದಲ್ಲ. ಆದರೆ ಆ ಮಗು ಬಂದ ಆಸ್ಪತ್ರೆ ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿಯವರು ಕಟ್ಟಿದ್ದು. ಅದೇ ಸಂಸ್ಥೆ 2014ರಲ್ಲಿ ಅಮೆರಿಕದ ಬಾಗಿಲಿಗೆ ಸಮೀಪದ ಕೇಮನ್ ದ್ವೀಪದಲ್ಲೂ ಆಸ್ಪತ್ರೆ ತೆರೆಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಮಾತ್ರ ಕುಳಿತರೆ ಹೇಗೆ?

ಲೆಕ್ಕವನ್ನೂ ಹಾಕೋಣ. ವಿದೇಶದ ಆಸ್ಪತ್ರೆಯ ಬಿಲ್ಲು ಖರ್ಚಿನ ಮೊದಲ ಸಾಲು ಮಾತ್ರ. ಅದರ ಕೆಳಗೆ ಮೂವರ ವಿಮಾನ ಟಿಕೇಟು, ವಸತಿ, ಊಟ, ಸಂಬಳವಿಲ್ಲದ ರಜೆ, ಡಾಲರಿನ ಏರಿಳಿತ ಎಲ್ಲವೂ ಬರುತ್ತವೆ. ಬಿಲ್ಲೆ ಕೂರಿಸಿದಲ್ಲಿಗೆ ಚಿಕಿತ್ಸೆ ಮುಗಿಯುವುದೂ ಇಲ್ಲ. ತಿಂಗಳುಗಟ್ಟಲೆ ಮಾತ್ರೆ, ಮತ್ತೆ ಮತ್ತೆ ಎಕೋ ಪರೀಕ್ಷೆ ಬೇಕು. ಅಪರೂಪಕ್ಕೆ ಬಿಲ್ಲೆ ಜಾರುವುದುಂಟು, ಪಕ್ಕದ ಗೋಡೆಯನ್ನು ಸವೆಸುವುದುಂಟು. ಆಗ ಬೇಕಾಗುವುದು ಲೋಕಲ್ ರೈಲಿನ ದೂರದಲ್ಲಿರುವ ವೈದ್ಯರು. ಪರದೇಶದ ಚಿಕಿತ್ಸೆ ವೀಸಾವನ್ನು ನೆಚ್ಚಿರುತ್ತದೆ ಎಂಬುದೂ ನೆನಪಿರಲಿ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನೀಯರ ವೈದ್ಯಕೀಯ ವೀಸಾಗಳೂ 29ನೇ ತಾರೀಕಿಗೇ ಮುಗಿದವು. ದೇಶಗಳ ಜಗಳ ರೋಗಿಯ ಕಡತ ನೋಡುವುದಿಲ್ಲ.

ಹಾಗೆಂದು ಹೊರಗೆ ಹೋಗುವುದೇ ತಪ್ಪು ಎಂದಲ್ಲ. ಮಕ್ಕಳ ಜತೆ ಅಲ್ಲೇ ನೆಲೆಸಿದವರು, ಅಲ್ಲಿಯ ವಿಮೆ ಇದ್ದವರು ಅಲ್ಲೇ ಮಾಡಿಸಿಕೊಳ್ಳಲಿ. ಎಲ್ಲ ತೂತಿಗೂ ಬಿಲ್ಲೆ ಹೊಂದುವುದಿಲ್ಲ ಎಂಬುದೂ ನಿಜ. ಸುತ್ತ ಅಂಚಿಲ್ಲದ ತೂತಿಗೆ, ಗೋಡೆಯ ತೀರಾ ಮೇಲೆ ಅಥವಾ ತೀರಾ ಕೆಳಗಿರುವ ತೂತಿಗೆ ಶಸ್ತ್ರಚಿಕಿತ್ಸೆಯೇ ಗತಿ. ಕಡಲಾಚೆ ಹೋದ ಮಾತ್ರಕ್ಕೆ ಅದು ಬದಲಾಗದು. ಶೈಶವದ ಸಣ್ಣ ತೂತು ತಾನಾಗಿ ಮುಚ್ಚುವುದೂ ಉಂಟು. ಅನುಮಾನವಿದ್ದರೆ ಇಲ್ಲಿಯ ಇನ್ನೊಬ್ಬ ಮಕ್ಕಳ ಹೃದ್ರೋಗ ತಜ್ಞರನ್ನು ಕೇಳುವುದು ಲೇಸು.

ನಿಜವಾದ ನಷ್ಟ ಇರುವುದು ಕಾಯುವುದರಲ್ಲಿ. ಪಾಸ್‌ಪೋರ್ಟು, ವೀಸಾ, ಚಂದಾ ಎಂದು ವರ್ಷಗಳು ಉರುಳಬಾರದು. ದೊಡ್ಡ ತೂತನ್ನು ಹಾಗೇ ಬಿಟ್ಟರೆ ಶ್ವಾಸಕೋಶದ ಒತ್ತಡ ಏರುತ್ತಾ ಹೋಗಿ, ಮುಂದೆ ಮುಚ್ಚಲೇ ಆಗದ ಸ್ಥಿತಿ ಬರಬಹುದು. ತೂತಿದೆ ಎಂದು ತಿಳಿಯದವರೂ ಇದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದು ಬಸುರಿಯಾದಾಗಲೇ.

ಸಂಘಗಳು ಮಾಡಬೇಕಾದ ಕೆಲಸ ಇಲ್ಲಿದೆ. ವರ್ಷವೂ ನಡೆಸುವ ಆರೋಗ್ಯ ಶಿಬಿರಗಳು ಸ್ತುತ್ಯರ್ಹವೇ. ಅಲ್ಲಿ ಹಿರಿಯರ ರಕ್ತದೊತ್ತಡ, ಸಕ್ಕರೆ ನೋಡುವುದರ ಜತೆ ಮಕ್ಕಳ ಎದೆಯ ಸದ್ದನ್ನೂ ವೈದ್ಯರು ಆಲಿಸಲಿ, ಬೇಕಾದವರಿಗೆ ಎಕೋ ಆಗಲಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿ ಕೇಂದ್ರ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದದ್ದು ನಮ್ಮ ಪಕ್ಕದ ಪಾಲ್ಘರ್‌ನಲ್ಲಿಯೇ. ಹುಟ್ಟು ಹೃದ್ರೋಗವೂ ಅದರ ಪಟ್ಟಿಯಲ್ಲಿದೆ. ರಾಜ್ಯದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಿದೆ. ಖಾರ್ಘರ್‌ನಲ್ಲಿ ಮಕ್ಕಳ ಹೃದಯಕ್ಕೆ ಉಚಿತ ಚಿಕಿತ್ಸೆ ನೀಡುವ ಶ್ರೀ ಸತ್ಯಸಾಯಿ ಸಂಜೀವನಿ ಆಸ್ಪತ್ರೆಯಿದೆ. ಊರಿನ ಕಡೆಯವರಿಗೆ ಬೆಂಗಳೂರಿನ ಜಯದೇವ ಇದೆ. ಇವುಗಳ ವಿಳಾಸ, ಬೇಕಾದ ಕಾಗದಪತ್ರಗಳ ವಿವರ ಒಂದು ಕಡತದಲ್ಲಿ ಸಂಘದ ಕಪಾಟಿನಲ್ಲಿರಲಿ. ಪಡಿತರ ಚೀಟಿಯಲ್ಲಿ ಹೆಸರು ತಪ್ಪಿದ್ದರೆ ತಿದ್ದಿಸಲು, ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ಮಾತಾಡಲು ಒಬ್ಬ ಪದಾಧಿಕಾರಿ ಜತೆಗೆ ಹೋಗಲಿ. ಸಮಾರಂಭದಲ್ಲಿ ಚೆಕ್ಕು ಹಸ್ತಾಂತರಿಸುವುದು ಸುಲಭ. ಗಾಬರಿಗೊಂಡ ತಾಯಿಯ ಪಕ್ಕದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕೂರುವುದು ಅದಕ್ಕಿಂತ ದೊಡ್ಡ ನೆರವು.